ಅರ್ಧ ಇಲಿಗಳಿಗೆ ಅರಿಶಿನ

ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಅದರ ಹೊಟ್ಟೆಯ ರಚನೆಯೇ ಹಾಗೆ. ಒಳಗೆ ಹೋದದ್ದು ಬಾಯಿಂದ ಹಿಂದಕ್ಕೆ ಬರುವಂತಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲ ದಿನ ಹೇಳುತ್ತಿದ್ದದ್ದು ಇದೊಂದೇ ಮಾತು. ಉಳಿದದ್ದನ್ನೆಲ್ಲ ಪುಸ್ತಕದಲ್ಲಿ ಓದಿಕೊಳ್ಳಬಹುದು. ಇದೂ ಪುಸ್ತಕದಲ್ಲಿದೆ, ಆದರೆ ಯಾರೂ ಆ ಪುಟದವರೆಗೆ ಹೋಗುವುದಿಲ್ಲ.

ನಿವೃತ್ತಳಾದ ಮೇಲೆ ಬೈಲಹೊಂಗಲದ ನಮ್ಮ ಕಾಲೇಜಿನ ಈಗಿನ ಅಧ್ಯಾಪಕರು ಮನೆಗೆ ಬಂದು, ‘ಮೇಡಂ, ನಿಮ್ಮ ಅನುಭವ ಬರೆದು ಕೊಡಿ, ಹೊಸಬರಿಗೆ ಸ್ಫೂರ್ತಿಯಾಗುತ್ತದೆ’ ಎಂದರು. ಸ್ಫೂರ್ತಿ ಕೊಡುವಂಥದ್ದು ನನ್ನ ಹತ್ತಿರ ಹೆಚ್ಚೇನಿಲ್ಲ. ನನಗೆ ಯಾವಾಗ ಬಡ್ತಿ ಬಂತೆಂದು ನನಗೇ ನೆನಪಿಲ್ಲ. ಇಲಿಗಳು ನೆನಪಿವೆ. ಆದ್ದರಿಂದ ಇಲಿಗಳ ಬಗ್ಗೆ ಬರೆಯುತ್ತೇನೆ. ನಡುವೆ ಕೆಲವು ಮನುಷ್ಯರೂ ಬಂದು ಹೋಗುತ್ತಾರೆ.

ನಮ್ಮ ಕೆಲಸ ಇಷ್ಟು. ಕ್ಯಾನ್ಸರ್ ಆದವರಿಗೆ ವಿಕಿರಣ ಚಿಕಿತ್ಸೆ ಕೊಡುತ್ತಾರಲ್ಲ, ಜನ ಅದಕ್ಕೆ ಕರೆಂಟ್ ಕೊಡುವುದು ಅನ್ನುತ್ತಾರೆ. ಆ ವಿಕಿರಣ ಮೈಮೇಲೆ ಬಿದ್ದಾಗ ಮಿದುಳಿನಲ್ಲಿ ಏನು ಬದಲಾಗುತ್ತದೆ ಎಂದು ಇಲಿಗಳಲ್ಲಿ ನೋಡುವುದು. ಮಿದುಳು ತನ್ನೊಳಗೆ ಸುದ್ದಿ ಕಳಿಸಲು ಕೆಲವು ರಾಸಾಯನಿಕಗಳನ್ನು ಇಟ್ಟುಕೊಂಡಿದೆ. ಅವುಗಳಲ್ಲಿ ಸೆರೊಟೋನಿನ್ ಎಂಬುದೊಂದು. ನಿದ್ದೆ, ಹಸಿವು, ಹೊಟ್ಟೆ ತೊಳಸುವುದು, ಮನಸ್ಸು ಕುಗ್ಗುವುದು, ಎಲ್ಲದರಲ್ಲೂ ಅದರ ಕೈ ಇದೆ. ನಾನು ಸೇವೆಯುದ್ದಕ್ಕೂ ಅದೊಂದನ್ನೇ ಅಳೆದೆ.

ಕಿತ್ತೂರಿನಲ್ಲಿ ಪೌರೋಹಿತ್ಯ ಮಾಡುತ್ತಿದ್ದ ನನ್ನ ಅಪ್ಪನಿಗೆ ಇದನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ‘ಗಣಪತಿ ಪೂಜಾ ಮಾಡೋ ಮನಿತನದ ಹುಡುಗಿ ಅವನ ಗಾಡಿ ಬಿಚ್ಚಲಿಕ್ಕೆ ಹೊಂಟಾಳ ಅಂತ ಜನಕ್ಕ ಹೆಂಗ ಹೇಳ್ಲಿ?’ ಎಂದು ಕೇಳಿದ. ಹೆಣ್ಣು ನೋಡಲು ಬಂದವರಿಗೆ ‘ಔಷಧದ ಸಂಶೋಧನಾ ಮಾಡ್ತಾಳ’ ಎಂದು ಹೇಳಿ ಮಾತು ತಿರುಗಿಸುತ್ತಿದ್ದ. ನನಗೆ ಸುಮ್ಮನಿರಲು ಆಗುತ್ತಿರಲಿಲ್ಲ. ‘ಇಲಿ ಮಿದುಳು ತೂಗತೇನಿ’ ಎನ್ನುತ್ತಿದ್ದೆ. ಅವಲಕ್ಕಿಯ ತಾಟು ಅರ್ಧಕ್ಕೇ ಕೆಳಗಿಡುತ್ತಿದ್ದರು. ಒಬ್ಬ ಮಾತ್ರ ಅವಲಕ್ಕಿ ಪೂರ್ತಿ ತಿಂದು, ‘ಎಷ್ಟ ತೂಕ ಇರ್ತದ?’ ಎಂದು ಕೇಳಿದ. ಎರಡು ಗ್ರಾಮಿಗೆ ತುಸು ಕಡಿಮೆ ಎಂದೆ. ‘ಅಷ್ಟ ಇಟಗೊಂಡು ಇಲಿ ಎಷ್ಟ ಶ್ಯಾಣ್ಯಾ ಇರ್ತದ ನೋಡ್ರಿ’ ಎಂದ. ಅವನನ್ನೇ ಮದುವೆಯಾದೆ.

ನಮ್ಮ ವಿಭಾಗದ ಮುಖ್ಯಸ್ಥರು ಹಿರೇಮಠ ಸರ್. ದೊಡ್ಡ ಮನಸ್ಸಿನವರು, ಅದಕ್ಕಿಂತ ದೊಡ್ಡ ಅವಸರದವರು. ಅವರಿಗೊಂದು ಪದ್ಧತಿಯಿತ್ತು. ಪ್ರಯೋಗ ಶುರುವಾಗುವ ಮೊದಲೇ ಪ್ರಬಂಧದ ಕೊನೆಯ ಪ್ಯಾರಾ ಬರೆದಿಡುತ್ತಿದ್ದರು. ‘ಎಲ್ಲಿಗೆ ಹೋಗಬೇಕು ಅನ್ನೂದು ಗೊತ್ತಿದ್ರ ದಾರಿ ತಪ್ಪೂದಿಲ್ಲ ವತ್ಸಲಾ ಅವ್ರ’ ಎಂದು ನನಗೆ ತಿಳಿಹೇಳುತ್ತಿದ್ದರು. ಇಲಿಗಳು ಆ ಪ್ಯಾರಾ ಓದಿರುವುದಿಲ್ಲ ಎಂಬುದೊಂದೇ ಅದರಲ್ಲಿದ್ದ ತೊಂದರೆ.

ಬೈಲಹೊಂಗಲದಲ್ಲಿ ವಿಕಿರಣದ ಯಂತ್ರ ಎಲ್ಲಿಂದ ಬರಬೇಕು? ಬೆಳಗಾವಿಯ ಒಂದು ಆಸ್ಪತ್ರೆಯವರು ರೋಗಿಗಳಿಲ್ಲದ ದಿನ ತಮ್ಮ ಕೋಬಾಲ್ಟ್ ಯಂತ್ರವನ್ನು ನಮಗೆ ಬಿಟ್ಟುಕೊಡುತ್ತಿದ್ದರು. ಮೊದಮೊದಲು ನಾನು ಇಲಿಗಳನ್ನು ಬುಟ್ಟಿಯಲ್ಲಿಟ್ಟು ಬಸ್ಸಿನಲ್ಲೇ ಒಯ್ಯುತ್ತಿದ್ದೆ. ಒಮ್ಮೆ ಕಂಡಕ್ಟರ್ ಬುಟ್ಟಿಯ ಮುಚ್ಚಳ ಎತ್ತಿ ನೋಡಿ, ಬಹಳ ಹೊತ್ತು ಯೋಚಿಸಿ, ‘ಕೋಳಿಗೆ ಟಿಕೇಟ್ ಐತ್ರಿ. ಕುರಿಮರಿಗೆ ಐತ್ರಿ. ಇಲಿಗೆ ಏನ್ ಹರಕೊಡ್ಲಿ?’ ಎಂದ. ಹಿಂದಿನ ಸೀಟಿನ ಅಜ್ಜಿಯೊಬ್ಬಳು, ‘ಗಣಪ್ಪನ ವಾಹನಕ್ಕ ಟಿಕೇಟ್ ಕೇಳ್ತಿಯೇನ ತಮ್ಮಾ?’ ಎಂದು ಅವನನ್ನು ಬೈದಳು. ಬೆಳಗಾವಿ ಮುಟ್ಟುವವರೆಗೆ ಅವಳು ಬುಟ್ಟಿಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಈ ಇಲಿಗಳು ಎಲ್ಲಿಗೆ ಹೋಗುತ್ತಿವೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ಬಸ್ಸೇ ನಮಗೆ ಮೊದಲ ಪಾಠ ಕಲಿಸಿತು. ವಿಕಿರಣ ಕೊಟ್ಟ ಇಲಿಗಳನ್ನು ಕೊಡದ ಇಲಿಗಳ ಜೊತೆ ಹೋಲಿಸಬೇಕು. ಕೊಡದವು ಬೈಲಹೊಂಗಲದ ಕೋಣೆಯಲ್ಲೇ ಹಾಯಾಗಿ ಇರುತ್ತಿದ್ದವು. ಕೊಟ್ಟವುಗಳ ಮಿದುಳಿನಲ್ಲಿ ಭಾರೀ ವ್ಯತ್ಯಾಸ ಕಂಡಿತು. ಹಿರೇಮಠ ಸರ್ ಪೇಡೆ ಹಂಚಿದರು, ಕೊನೆಯ ಪ್ಯಾರಾ ಆಗಲೇ ತಯಾರಿತ್ತು. ಮುಂದಿನ ಸಲ ಹೋದಾಗ ಯಂತ್ರ ಕೆಟ್ಟಿತ್ತು. ಇಲಿಗಳನ್ನು ಹಾಗೇ ವಾಪಸು ತಂದೆ. ಮಿದುಳು ತೆಗೆಯುವಾಗ ತಣ್ಣಗಿಡಲು ಬೇಕಾದ ಬರ್ಫವನ್ನು ಬಜಾರದ ಸೋಡಾ ಅಂಗಡಿಯಿಂದ ಆಗಲೇ ತರಿಸಿದ್ದೆ. ಅದು ಕರಗಿ ಹೋಗುತ್ತದಲ್ಲ ಎಂಬ ಜಿಪುಣತನಕ್ಕೆ ಆ ಇಲಿಗಳನ್ನೂ ಅಳೆದೆ. ಹೆಚ್ಚೂಕಡಿಮೆ ಅದೇ ವ್ಯತ್ಯಾಸ. ನಾವು ಕಂಡುಹಿಡಿದದ್ದು ವಿಕಿರಣದ ಪರಿಣಾಮವನ್ನಲ್ಲ, ಬೆಳಗಾವಿ ರಸ್ತೆಯ ತಗ್ಗುಗಳ ಪರಿಣಾಮವನ್ನು.

ಸರ್ ಆ ಅಂಕಿಗಳನ್ನು ನೋಡುತ್ತ ಕೂತರು. ‘ಈ ರೋಡಿನ ಮ್ಯಾಲ ನಾನೂ ಎಷ್ಟೋ ವರ್ಷದಿಂದ ಅಡ್ಡಾಡೇನಿ. ನನ್ನ ಮಿದುಳಿನ ಗತಿ ಏನ್ರಿ?’ ಎಂದರು.

ಅಂದಿನಿಂದ ನಿಯಮ ಬದಲಾಯಿತು. ಎಲ್ಲ ಇಲಿಗಳೂ ಬೆಳಗಾವಿಗೆ ಹೋಗಬೇಕು. ಎಲ್ಲವನ್ನೂ ಯಂತ್ರದ ಕೆಳಗೆ ಇಡಬೇಕು. ಅರ್ಧಕ್ಕೆ ಯಂತ್ರ ತೆರೆಯಬೇಕು, ಅರ್ಧಕ್ಕೆ ಮುಚ್ಚಿಯೇ ಇರಬೇಕು. ವಾಪಸು ಬಂದ ಮೇಲೆ ಎರಡೂ ಬಗೆಯವು ಒಂದೇ ಪಂಜರದಲ್ಲಿ ಸಮ ಸಮವಾಗಿ ಇರಬೇಕು. ಒಂದೇ ರಸ್ತೆ, ಒಂದೇ ಊಟ, ಒಂದೇ ಗಾಳಿ. ಯಾವುದು ಯಾವ ಗುಂಪಿನದು ಎಂದು ತಿಳಿಯಲು ವಿಕಿರಣ ಬಿದ್ದದ್ದರ ತಲೆಗೆ, ಗಾಯಕ್ಕೆ ಹಚ್ಚುವ ನೇರಳೆ ಔಷಧದ ಬೊಟ್ಟು. ನನ್ನ ಕಾಲದಲ್ಲಿ ಮತ್ತೂ ಎಷ್ಟೋ ಬದಲಾಯಿತು. ಮೊದಲು ಎಚ್ಚರವಿದ್ದ ಇಲಿಯ ತಲೆ ಕಡಿಯುತ್ತಿದ್ದೆವು, ಆಮೇಲೆ ಅರಿವಳಿಕೆ ಕೊಡದೆ ಮುಟ್ಟುವಂತಿಲ್ಲ ಎಂದಾಯಿತು. ಒಂದು ದಿನವಿಡೀ ಹಿಡಿಯುತ್ತಿದ್ದ ಅಳತೆಯನ್ನು ಹೊಸ ಯಂತ್ರ ಚಹಾ ಕುಡಿಯುವಷ್ಟರಲ್ಲಿ ಮಾಡತೊಡಗಿತು. ಎಷ್ಟು ಇಲಿ, ಯಾಕೆ, ಬೇರೆ ದಾರಿ ಇಲ್ಲವೇ ಎಂದು ಕೇಳುವ ಸಮಿತಿ ಬಂತು. ಹಿರೇಮಠ ಸರ್ ಆ ಸಮಿತಿಗೆ ‘ಇಲಿಗಳ ಬೀಗರು’ ಎಂದು ಹೆಸರಿಟ್ಟಿದ್ದರು. ಆ ಬೀಗರು ಬಂದದ್ದು ಒಳ್ಳೆಯದಾಯಿತೆಂದು ನನಗೆ ಅನ್ನಿಸಿದೆ, ಅವರ ಮುಂದೆ ಎಂದೂ ಹೇಳಿಲ್ಲ.

ಇಲಿಗಳನ್ನು ಸಾಕುವವನು ಗಂಗಪ್ಪ. ರಾಮದುರ್ಗದ ನೇಕಾರರ ಮನೆತನದವನು. ಮಗ್ಗ ಬಿಟ್ಟು ಈ ನೌಕರಿಗೆ ಬಂದಿದ್ದ. ‘ಮನ್ಯಾಗ ಇಲಿ ನೂಲು ಕಡದ್ರ ನಮ್ಮವ್ವ ಅಳತಿದ್ಲರಿ. ಇಲ್ಲಿ ನಾನ ಇಲಿಗೆ ಕಾಳು ಹಾಕತೇನಿ’ ಎಂದು ತನ್ನಷ್ಟಕ್ಕೆ ನಗುತ್ತಿದ್ದ. ಪಂಜರ ತೊಳೆಯುವುದು, ನೀರು, ಕಾಳು, ಎಲ್ಲವನ್ನೂ ಮಾಡುತ್ತಿದ್ದ. ಒಂದನ್ನು ಮಾತ್ರ ಮಾಡುತ್ತಿರಲಿಲ್ಲ. ಮಿದುಳು ತೆಗೆಯುವ ದಿನ ಗೊತ್ತಾದ ಕೂಡಲೇ ನನ್ನ ಮುಂದೆ ಬಂದು ನಿಂತು, ‘ಬಾಯಾರ, ಆವತ್ತ ನನಗ ಸೂಟಿ ಬೇಕ್ರಿ, ಸ್ವಲ್ಪ ಕೆಲಸ ಐತಿ’ ಎನ್ನುತ್ತಿದ್ದ. ಏನು ಕೆಲಸ ಎಂದು ನಾನು ಕೇಳುತ್ತಿರಲಿಲ್ಲ.

ಇನ್ನು ರೇಣುಕಾ. ಸವದತ್ತಿ ಕಡೆಯ ಒಕ್ಕಲುತನದ ಮನೆಯ ಹುಡುಗಿ, ನನ್ನ ಕೈಕೆಳಗೆ ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದಳು. ಮಾತು ಕಡಿಮೆ. ಒಂದು ಅಂಕಿ ಸಂಶಯವಾಗಿ ಕಂಡರೆ ಊಟ ಬಿಟ್ಟು ಕೂಡುವವಳು. ವಿಕಿರಣ ಬಿದ್ದಾಗ ಹೊಟ್ಟೆ ತೊಳಸುವುದಕ್ಕೂ ಮಿದುಳಿನ ಸೆರೊಟೋನಿನ್ನಿಗೂ ಏನು ನಂಟು ಎಂಬುದು ಅವಳ ವಿಷಯ. ಅವಳ ನೋಂದಣಿಯ ಅವಧಿ ಆ ವರ್ಷ ದೀಪಾವಳಿಗೆ ಮುಗಿಯುತ್ತಿತ್ತು. ಕೊನೆಯ ಒಂದು ತಂಡ ಇಲಿಗಳಿಗೆ ಸಮಿತಿ ಒಪ್ಪಿಗೆ ಕೊಟ್ಟಿತ್ತು, ಇದಾದ ಮೇಲೆ ಇಲ್ಲ ಎಂದು ಬಾಯಿಬಿಟ್ಟು ಹೇಳಿಯೂ ಇತ್ತು. ಆ ತಂಡ ಕೈಗೂಡಿದರೆ ಡಿಗ್ರಿ, ಇಲ್ಲವಾದರೆ ಅಲ್ಲಿಯವರೆಗೆ ಮಾಡಿದ್ದೆಲ್ಲ ಕಪಾಟಿಗೆ.

ಆಸ್ಪತ್ರೆಯವರು ಕೊಟ್ಟ ದಿನ ಗಣೇಶ ಚೌತಿ. ಹಬ್ಬಕ್ಕೆ ಹೊರಗಿನ ರೋಗಿಗಳು ಬರುವುದಿಲ್ಲ, ಯಂತ್ರ ಖಾಲಿ. ಗಂಗಪ್ಪ ಹಬ್ಬಕ್ಕೆಂದು ರಾಮದುರ್ಗಕ್ಕೆ ಹೋಗಿದ್ದ. ನಾನು, ರೇಣುಕಾ, ಹಿರೇಮಠ ಸರ್ ಕಾಲೇಜಿನ ಜೀಪಿನಲ್ಲಿ ಪಂಜರಗಳನ್ನಿಟ್ಟುಕೊಂಡು ಹೊರಟೆವು. ಹುಡುಗಿಯರು ಮರೆಯುತ್ತಾರೆ ಎಂದು ಸರ್ ನೇರಳೆ ಔಷಧದ ಬಾಟಲಿಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡರು. ‘ಹುಡುಗಿಯರು’ ಎಂದದ್ದು ನನ್ನನ್ನೂ ಸೇರಿಸಿ. ನನಗಾಗ ತಲೆ ಪೂರ್ತಿ ನರೆತಿತ್ತು. ಬೆಳಗಾವಿಯಲ್ಲಿ ಇಳಿದಾಗ ಸರ್ ಅವರ ಬಿಳಿ ಸಫಾರಿ ಎದೆಯಿಂದ ಸೊಂಟದವರೆಗೆ ನೇರಳೆಯಾಗಿತ್ತು. ಬಾಟಲಿಯಲ್ಲಿ ಹನಿಯೂ ಇರಲಿಲ್ಲ. ಹಬ್ಬದ ದಿನ, ಅಂಗಡಿಗಳೆಲ್ಲ ಮುಚ್ಚಿದ್ದವು, ಆಸ್ಪತ್ರೆಯ ಔಷಧದ ಕೋಣೆಗೂ ಬೀಗ.

ಯಂತ್ರದ ಕೋಣೆಯ ಹೊರಗೆ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಮುನವಳ್ಳಿಯವಳು. ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದರಂತೆ, ವಾರ್ಡಿನಲ್ಲಿ ಒಬ್ಬಳೇ ಇರಲಾರದೆ ಹೊರಗೆ ಬಂದಿದ್ದಳು. ಪಂಜರ ನೋಡಿ ಮುಖ ಅರಳಿಸಿ, ‘ಹಬ್ಬದ ದಿನ ಇಲೆಪ್ಪ ಬಂದಾನ ನೋಡ್ರಿ’ ಎಂದು ಕೈಮುಗಿದಳು. ಆಮೇಲೆ, ‘ಇವಕ್ಕೂ ಕರೆಂಟ್ ಕೊಡ್ತೀರೇನ್ರಿ? ಇವಕ್ಕೇನ ಆಗೇತಿ?’ ಎಂದು ಕೇಳಿದಳು.

‘ಏನೂ ಆಗಿಲ್ರಿ’ ಎಂದಳು ರೇಣುಕಾ.

‘ಏನೂ ಆಗದವಕ್ಕ ಯಾಕವಾ?’

ನನ್ನ ಅಪ್ಪ ಬೇರೆ ಮಾತಿನಲ್ಲಿ ಇದನ್ನೇ ಕೇಳಿದ್ದ. ಇಷ್ಟು ವರ್ಷ ನಾನು ಅದಕ್ಕೆ ಹಾರಿಕೆಯ ಉತ್ತರವನ್ನೇ ಕೊಟ್ಟುಕೊಂಡು ಬಂದಿದ್ದೆ. ರೇಣುಕಾ ಅವಳ ಪಕ್ಕದಲ್ಲಿ ಕೂತಳು. ‘ನಿಮಗ ಕರೆಂಟ್ ಕೊಟ್ಟ ಮ್ಯಾಲ ಹೊಟ್ಟಿ ತೊಳಸ್ತೈತೆಲ್ರಿ. ಅದು ಮಿದುಳಿನ್ಯಾಗ ಹೆಂಗ ಶುರು ಆಗ್ತೈತಿ ಅನ್ನೂದನ್ನ ಇವುದರಾಗ ನೋಡ್ತೇವ್ರಿ.’

ಹೆಂಗಸು ಇಲಿಗಳನ್ನೇ ನೋಡಿದಳು. ‘ಹಂಗಾರ ಲಗೂನ ನೋಡ್ರಿ’ ಎಂದಳು. ‘ತಿಂದದ್ದೊಂದೂ ನಿಲ್ಲವಲ್ದು. ಅದ್ರಾಗ ವಾರಕ್ಕೊಮ್ಮೆ ಬೆರಳು ಚುಚ್ಚಿ ರಕ್ತ ನೋಡ್ತಾರ. ಬಿಳೇ ರಕ್ತ ಕಡಿಮಿ ಆಗೇತಿ ಅಂತ ಈ ವಾರ ಕರೆಂಟೂ ಕೊಡವಲ್ರು. ಊರಿಗೂ ಕಳಸವಲ್ರು.’

ಗುರುತು ಹಾಕಲು ಏನೂ ಇಲ್ಲ ಎಂದು ನಾವು ಮಾತಾಡಿಕೊಳ್ಳುವುದು ಅವಳ ಕಿವಿಗೆ ಬಿತ್ತು. ಸೆರಗಿನ ಗಂಟು ಬಿಚ್ಚಿದಳು. ಯಲ್ಲಮ್ಮನ ಗುಡ್ಡದ ಭಂಡಾರ, ಕಾಗದದಲ್ಲಿ ಸುತ್ತಿದ ಅರಿಶಿನ ಪುಡಿ. ‘ಇದನ್ನ ಹಚ್ಚ್ರಿ. ಬಿಳೇ ಇಲಿ ಮ್ಯಾಲ ಎದ್ದ ಕಾಣತೈತಿ.’ ಹಿರೇಮಠ ಸರ್ ತಮ್ಮ ನೇರಳೆ ಎದೆಯ ಮೇಲೆ ಕೈಯಿಟ್ಟುಕೊಂಡು, ‘ಛಲೋ ಆತು, ಹಚ್ಚ್ರಿ ಹಚ್ಚ್ರಿ’ ಎಂದರು. ಅರಿಶಿನವನ್ನು ಎಣ್ಣೆಯಲ್ಲಿ ಕಲಸಿ, ವಿಕಿರಣ ಬಿದ್ದ ಪ್ರತಿ ಇಲಿಯ ಹಣೆಗೂ ಬಳಿದೆವು. ಸಂಜೆ ಬೈಲಹೊಂಗಲಕ್ಕೆ ಬಂದು ಪಂಜರಗಳನ್ನು ಅವುಗಳ ಜಾಗದಲ್ಲಿಟ್ಟು, ನೀರು ಕಾಳು ಹಾಕಿ, ಮರುದಿನ ಸೂಟಿಯೆಂದು ಮನೆಗೆ ಹೋದೆವು.

ಚೌತಿಯ ಮರುದಿನ ಇಲಿವಾರ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ಕಡೆಯ ನೇಕಾರರ ಮನೆಗಳಲ್ಲಿ ಅಂದು ಮಗ್ಗ ನಿಲ್ಲಿಸಿ ಇಲಿಗೆ ಪೂಜೆ ಮಾಡುತ್ತಾರೆ. ವರ್ಷವಿಡೀ ನೂಲು ಕಡಿಯಬೇಡಪ್ಪಾ ಎಂದು ಬೇಡಿಕೊಳ್ಳುತ್ತಾರೆ. ಗಂಗಪ್ಪನ ಮನೆಯಲ್ಲಿ ಕೆಮ್ಮಣ್ಣಿನಿಂದ ಸಣ್ಣ ಇಲಿ ಮಾಡಿ, ಮಗ್ಗದ ಕುಣಿಯಲ್ಲಿಟ್ಟು, ಕಡುಬಿನ ನೈವೇದ್ಯ ಇಡುವುದು ರೂಢಿ. ಆ ವರ್ಷ ಅವನು ಮನೆಯ ಪೂಜೆ ಬೇಗ ಮುಗಿಸಿ, ನಮ್ಮ ಇಲಿಗಳೂ ಇಲಿಗಳೇ ಅಲ್ಲವೇ ಎಂದು, ಒಂದೊಂದು ಪಂಜರಕ್ಕೆ ಒಂದೊಂದು ಮಣ್ಣಿನ ಇಲಿ, ಒಂದೊಂದು ಕಡುಬು ಕಟ್ಟಿಕೊಂಡು ರಾಮದುರ್ಗದಿಂದ ಬಸ್ಸು ಹತ್ತಿ ಬಂದ. ಕೋಣೆಯ ಬಾಗಿಲು ತೆಗೆದ. ನೋಡಿದರೆ ಅರ್ಧ ಇಲಿಗಳ ಹಣೆಗೆ ಆಗಲೇ ಅರಿಶಿನ.

ಮರುದಿನ ಬೆಳಿಗ್ಗೆ ನಾವು ಹೋದಾಗ ಅವನು ಬಾಗಿಲಲ್ಲೇ ನಿಂತಿದ್ದ, ಮುಖದ ತುಂಬ ಸಮಾಧಾನ. ‘ಬಾಯಾರ, ಹಬ್ಬದ ಗದ್ದಲದಾಗ ಪೂಜಿ ಅರ್ಧಾ ಬಿಟ್ಟ ಹೋಗಿದ್ರಿ. ಅರ್ಧಕ್ಕ ಹಚ್ಚಿ ಅರ್ಧಕ್ಕ ಬಿಟ್ರ ಛಲೋ ಅಲ್ರಿ. ನಾ ಎಲ್ಲಾದಕ್ಕೂ ಹಚ್ಚಿ ಪೂರಾ ಮಾಡೇನಿ.’

ಒಳಗೆ ಎಲ್ಲ ಇಲಿಗಳೂ ಹಳದಿ ಹಣೆ ಹೊತ್ತು ನಮ್ಮನ್ನೇ ನೋಡುತ್ತಿದ್ದವು. ಎಣ್ಣೆ ಬೆರೆತ ಅರಿಶಿನ, ಎರಡು ಸಲ ಬಳಿದದ್ದು ಯಾವುದು, ಒಂದು ಸಲ ಬಳಿದದ್ದು ಯಾವುದು, ದೇವರೇ ಬಲ್ಲ. ಅವು ಒಂದರ ತಲೆಯನ್ನೊಂದು ನೆಕ್ಕಿ ಅದನ್ನೂ ಕಲಸಿಬಿಟ್ಟಿದ್ದವು. ರೇಣುಕಾ ಪಂಜರದ ಸರಳು ಹಿಡಿದುಕೊಂಡು ಕೂತುಬಿಟ್ಟಳು. ಹಿರೇಮಠ ಸರ್ ಮುಖ ಕೆಂಪಾಯಿತು. ‘ಗಂಗಪ್ಪಾ, ಪೂರಾ ಮಾಡಿಲ್ಲೋ, ಪೂರಾ ಮುಗಿಸೀ’ ಎಂದು ಒದರಿದರು. ಗಂಗಪ್ಪನಿಗೆ ಏನೆಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನು ರೇಣುಕಾಳ ಹತ್ತಿರ ಹೋಗಿ, ‘ತಂಗಿ, ನಿನ್ನ ಡಿಗ್ರಿ ಹೋತೇನವಾ?’ ಎಂದು ಕೇಳಿದ. ನಾನು ಅವನ ಮೇಲೆ ಸಿಟ್ಟು ಮಾಡಲು ನೋಡಿದೆ, ಬರಲಿಲ್ಲ. ಈ ಸಲ ಗುರುತು ಅರಿಶಿನದ್ದು ಎಂದು ಅವನಿಗೆ ಹೇಳಲು ಅಲ್ಲಿ ಯಾರಿದ್ದರು?

ಆಗ ಕಣ್ಣಿಗೆ ಬಿದ್ದದ್ದು ಮಣ್ಣಿನ ಇಲಿಗಳು. ಒಂದು ಪಂಜರದಲ್ಲಿ ಬಾಲ ಮಾತ್ರ ಉಳಿದಿತ್ತು, ಇನ್ನೊಂದರಲ್ಲಿ ತಲೆಯಿರಲಿಲ್ಲ. ನಾನು ಮೊದಲೇ ಹೇಳಿದೆನಲ್ಲ, ಇಲಿಗೆ ವಾಂತಿ ಬರುವುದಿಲ್ಲ. ಹೊಟ್ಟೆ ತೊಳಸಿದಾಗ ಅದು ಮಣ್ಣು ತಿನ್ನುತ್ತದೆ. ಅದೇ ಅದರ ವಾಂತಿ. ವಿಕಿರಣ ಬಿದ್ದವು ಕಡುಬು ಬಿಟ್ಟು ಇಲೆಪ್ಪನನ್ನೇ ತಿಂದಿದ್ದವು.

ಹಿರೇಮಠ ಸರ್ ಕೋಪ ಹಾರಿಹೋಯಿತು. ‘ಸಿಕ್ತು’ ಎಂದರು. ‘ಒಂದೊಂದ ಇಲೀನ ಬ್ಯಾರೆ ಬ್ಯಾರೆ ಇಡ್ರಿ. ಕೆಂಪ ಹಿಕ್ಕಿ ಹಾಕಿದ್ವು ಕರೆಂಟ್ ತಿಂದ್ವು, ಕರೇ ಹಿಕ್ಕಿ ಹಾಕಿದ್ವು ತಿನ್ನದ್ವು. ಕಥಿ ಮುಗೀತು.’ ಇಲಿಗಳನ್ನು ಬಿಡಿಬಿಡಿಯಾಗಿ ಇಟ್ಟೆವು. ಮಧ್ಯಾಹ್ನದ ಹೊತ್ತಿಗೆ ಕೆಲವು ಪಂಜರಗಳಲ್ಲಿ ಕೆಂಪು ಹಿಕ್ಕೆ, ಕೆಲವದರಲ್ಲಿ ಕಪ್ಪು. ಎಣಿಸಿದರೆ ಹೆಚ್ಚೂಕಡಿಮೆ ಅರ್ಧಕ್ಕರ್ಧ. ಸರ್ ಅಲ್ಲೇ ಕೂತು ಕೊನೆಯ ಪ್ಯಾರಾ ತಿದ್ದತೊಡಗಿದರು.

ರೇಣುಕಾ ಎದ್ದು ನಿಂತಳು. ‘ಸರ್, ಇದು ನಡಿಯೂದಿಲ್ರಿ’ ಎಂದಳು.

‘ಯಾಕ ನಡಿಯೂದಿಲ್ಲ?’

‘ನಾ ಅಳೀಬೇಕಾದ್ದು ಸೆರೊಟೋನಿನ್ ರೀ. ಹೊಟ್ಟಿ ತೊಳಸೂದು ಅದರಿಂದನ. ಹೊಟ್ಟಿ ತೊಳಸಿದ್ವನ್ನ ಆರಿಸಿ ಒಂದ ಕಡೆ ಕೂಡಸೂದು, ಆಮ್ಯಾಲ ಇವುದರ ಸೆರೊಟೋನಿನ್ ಬ್ಯಾರೆ ಐತಿ ನೋಡ್ರಿ ಅನ್ನೂದು. ನಾವ ಹುಗದಿಟ್ಟದ್ದನ್ನ ನಾವ ಅಗದ ತಗದ್ರ ಅದು ಶೋಧ ಹೆಂಗ ಆಗ್ತೈತ್ರಿ?’

‘ತಂಗೀ, ದೀಪಾವಳಿ ಬಂತು’ ಎಂದರು ಸರ್. ದನಿಯಲ್ಲಿ ಜೋರಿರಲಿಲ್ಲ. ಅವಳ ಒಳ್ಳೆಯದನ್ನೇ ಅವರು ಬಯಸಿದ್ದರು, ಅದು ನನಗೆ ಗೊತ್ತಿತ್ತು. ಇಬ್ಬರೂ ನನ್ನ ಕಡೆ ನೋಡಿದರು. ಮಾರ್ಗದರ್ಶಿಯ ಸಹಿ ನನ್ನದು. ಹುಡುಗಿ ಹೇಳಿದ್ದು ಖರೆ ಎಂದೆ. ಹೇಳುವಾಗ ಅವಳ ಇಷ್ಟು ವರ್ಷದ ದುಡಿಮೆಯನ್ನು ನನ್ನ ಕೈಯಾರೆ ಕಪಾಟಿಗೆ ಹಾಕಿದೆ ಎಂದೇ ಅನ್ನಿಸಿತು.

ರೇಣುಕಾ ಕಿಟಕಿಯ ಹತ್ತಿರ ಹೋಗಿ ನಿಂತಳು. ಅಳುತ್ತಿದ್ದಾಳೆ ಎಂದುಕೊಂಡೆ. ತಿರುಗಿದಾಗ ಕಣ್ಣು ಒಣಗಿದ್ದವು. ‘ಮೇಡಂ, ಮುನವಳ್ಳಿ ಅಕ್ಕ ಏನಂದ್ಲರಿ? ಬಿಳೇ ರಕ್ತ ಕಡಿಮಿ ಆಗೇತಿ ಅಂತ ಕರೆಂಟ್ ಕೊಡವಲ್ರು ಅಂದ್ಲಲ್ರಿ.’

ಮೈ ತುಂಬ ವಿಕಿರಣ ಬಿದ್ದರೆ ರಕ್ತದ ಬಿಳಿ ಕಣಗಳಲ್ಲಿ ಒಂದು ಬಗೆಯವು, ಲಿಂಫೊಸೈಟುಗಳು, ಎರಡು ದಿನದೊಳಗೆ ನೆಲ ಕಚ್ಚುತ್ತವೆ. ಅದಕ್ಕೆ ಸೆರೊಟೋನಿನ್ನಿನ ಹಂಗಿಲ್ಲ, ಹೊಟ್ಟೆ ತೊಳಸಲಿ ಬಿಡಲಿ. ಇದನ್ನು ನಾನು ವರ್ಷವರ್ಷ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದಿದ್ದೇನೆ. ಆ ದಿನ ಹೊಳೆದದ್ದು ಅವಳಿಗೆ, ಅದೂ ಬೆಂಚಿನ ಮೇಲೆ ಕೂತಿದ್ದ ಒಬ್ಬ ರೋಗಿಯ ಗೋಳನ್ನು ಕಿವಿಗೊಟ್ಟು ಕೇಳಿದ್ದರಿಂದ. ಹೊಸಬರೇ, ರೋಗಿಗಳ ಜೊತೆ ಬೆಂಚಿನ ಮೇಲೆ ಕೂಡಿ.

ಸಮಿತಿಯವರಿಗೆ ಫೋನು ಮಾಡಿ, ನಡೆದದ್ದನ್ನೆಲ್ಲ ಹೇಳಿ, ಬಾಲದಿಂದ ಒಂದು ಹನಿ ರಕ್ತ ತೆಗೆಯಲು ಒಪ್ಪಿಗೆ ಕೇಳಿದೆವು. ಇಲಿಗಳ ಬೀಗರು ಮೊದಲು ನಕ್ಕರು, ಆಮೇಲೆ ಒಪ್ಪಿದರು. ಗಂಗಪ್ಪ ಒಂದೊಂದೇ ಇಲಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದ. ಇಲಿಗಳು ಅವನ ಕೈಯಲ್ಲಿ ಸುಮ್ಮನಿದ್ದವು. ರೇಣುಕಾ ಒಂದು ಸೂಕ್ಷ್ಮದರ್ಶಕದಲ್ಲಿ, ನಾನು ಇನ್ನೊಂದರಲ್ಲಿ, ಒಬ್ಬರಿಗೊಬ್ಬರು ಹೇಳದೆ ಎಣಿಸಿದೆವು. ಕೆಲವು ಸ್ಲೈಡುಗಳಲ್ಲಿ ಸಂತೆಯ ದಿನ, ಕೆಲವದರಲ್ಲಿ ಬಂದ್ ದಿನದ ಬಜಾರ. ನಡುವಿನದು ಒಂದೂ ಇರಲಿಲ್ಲ. ನನ್ನ ಲೆಕ್ಕ ಅವಳ ಲೆಕ್ಕ ತಾಳೆಯಾಯಿತು. ಎರಡು ಗುಂಪುಗಳು ಮತ್ತೆ ಎರಡಾದವು.

ಆಮೇಲೆ ಹಿಕ್ಕೆಯ ಪಟ್ಟಿಯನ್ನು ಪಕ್ಕಕ್ಕಿಟ್ಟು ನೋಡಿದೆವು. ಬಹಳಷ್ಟು ಸರಿಹೊಂದಿತು. ಆದರೆ ವಿಕಿರಣ ಬಿದ್ದ ಒಂದು ಇಲಿ ಮಣ್ಣನ್ನು ಮೂಸಿಯೂ ನೋಡಿರಲಿಲ್ಲ. ಏನೂ ಆಗದ ಇನ್ನೊಂದು ಹೊಟ್ಟೆ ತುಂಬ ಮಣ್ಣು ತಿಂದಿತ್ತು. ಹಿರೇಮಠ ಸರ್ ತಮ್ಮ ಕಾಗದವನ್ನು ಸುಮ್ಮನೆ ಮಡಚಿದರು. ‘ಇದಕ್ಕೇನ ಧಾಡಿ ಆಗಿತ್ತು, ಸುಳ್ಳ ಮಣ್ಣ ತಿಂತು?’ ಎಂದು ಆ ಇಲಿಯನ್ನು ಬೈದರು.

‘ಸಣ್ಣದೈತ್ರಿ ಸಾಹೇಬ್ರ’ ಎಂದ ಗಂಗಪ್ಪ. ‘ನನ್ನ ಮೊಮ್ಮಗಾನೂ ತಿಂತಾನ.’

ಮಿದುಳು ತೆಗೆಯುವ ದಿನ ಬಂತು. ಗಂಗಪ್ಪ ಸೂಟಿ ಕೇಳಲು ಬರಲಿಲ್ಲ. ಬೆಳಿಗ್ಗೆ ಎಂದಿನಂತೆ ಬಂದು ಕೋಣೆಯ ಹೊರಗೆ ಕಟ್ಟೆಯ ಮೇಲೆ ಕೂತ. ಮನೆಗೆ ಹೋಗು ಗಂಗಪ್ಪ ಎಂದೆ. ‘ಇಲ್ರಿ ಬಾಯಾರ. ಪೂಜಿ ಮಾಡಿದಂವ ನಾನ. ಇವತ್ತ ಬಿಟ್ಟ ಹೋದ್ರ ಛಂದ ಅಲ್ರಿ’ ಎಂದ. ನಾವು ಕೆಲಸ ಮುಗಿಸುವವರೆಗೆ ಅಲ್ಲೇ ಇದ್ದ. ಆ ಹಳದಿ ಹಣೆಗಳನ್ನು ಕೈಯಲ್ಲಿ ಹಿಡಿದಾಗ, ಅಷ್ಟು ವರ್ಷಗಳಲ್ಲಿ ಮೊದಲ ಸಲ ನನಗೆ ಅಳು ಬಂತು. ಕೆಲಸ ನಿಲ್ಲಿಸಲಿಲ್ಲ. ಈ ವೃತ್ತಿಗೆ ಬರುವವರಿಗೆ ಎರಡನ್ನೂ ಹೇಳುವುದು ನನ್ನ ಕರ್ತವ್ಯ.

ಅಳತೆಗಳು ಚೆನ್ನಾಗಿ ಬಂದವು. ಹಿರೇಮಠ ಸರ್ ಮೊದಲೇ ಬರೆದಿಟ್ಟದ್ದಕ್ಕಿಂತ ಸಣ್ಣ ವ್ಯತ್ಯಾಸ, ಆದರೆ ಸಂಶಯಕ್ಕೆ ಎಡೆಯಿಲ್ಲದ್ದು. ಉಳಿದದ್ದು ಒಂದೇ ಜಗಳ. ರೇಣುಕಾ ತನ್ನ ಪ್ರಬಂಧದಲ್ಲಿ ಅರಿಶಿನ, ಇಲಿವಾರ, ಕಡುಬು, ಎಲ್ಲವನ್ನೂ ಒಂದು ಪುಟದಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿದ್ದಳು. ‘ಅದನ್ನ ತಗೀವಾ. ಪರೀಕ್ಷಕರಿಗೆ ಯಾಕ ಬೇಕು? ಓದಿದಂವ ಒಗದ ಬಿಡ್ತಾನ’ ಎಂದು ಸರ್ ಅವಳಿಗೆ ಎಷ್ಟೋ ಸಲ ಹೇಳಿದರು. ಅವಳು ‘ಹೂಂ ರೀ ಸರ್’ ಎನ್ನುತ್ತಿದ್ದಳು, ತೆಗೆಯುತ್ತಿರಲಿಲ್ಲ. ದೀಪಾವಳಿಗೆ ಮುಂಚೆ ಪುಟ ಸಮೇತ ಒಪ್ಪಿಸಿದಳು.

ಮೌಖಿಕ ಪರೀಕ್ಷೆಗೆ ಮೈಸೂರು ಕಡೆಯ ಹಿರಿಯರೊಬ್ಬರು ಬಂದರು. ನಗುವ ಪೈಕಿ ಅಲ್ಲ. ಎಲ್ಲ ಬಿಟ್ಟು ನೇರ ಆ ಪುಟ ತೆರೆದು, ‘ಇದನ್ನು ಬರೆಯಿರಿ ಅಂತ ನಿಮಗೆ ಯಾರು ಹೇಳಿದ್ದು?’ ಎಂದು ಕೇಳಿದರು.

‘ಯಾರೂ ಹೇಳಿಲ್ರಿ ಸರ್’ ಎಂದಳು ರೇಣುಕಾ. ‘ಬಿಡು ಅಂತ ಹೇಳಿದ್ರು.’

ಹಿರೇಮಠ ಸರ್ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಗಮನವಿಟ್ಟು ನೋಡತೊಡಗಿದರು.

ಪರೀಕ್ಷಕರು ಗಂಗಪ್ಪನನ್ನು ಕರೆಸಿದರು. ಅವನು ಟೊಪ್ಪಿಗೆ ಕೈಯಲ್ಲಿ ಹಿಡಿದು ಬಂದು ಬಾಗಿಲ ಹತ್ತಿರ ನಿಂತ. ನೌಕರಿ ಹೋಯಿತೆಂದೇ ಅವನ ಮುಖ ಹೇಳುತ್ತಿತ್ತು. ‘ಕಡುಬು ಎಣ್ಣೆಯಲ್ಲಿ ಕರಿದದ್ದೋ, ಹಬೆಯಲ್ಲಿ ಬೇಯಿಸಿದ್ದೋ?’ ಎಂದು ಅವರು ಕೇಳಿದರು. ‘ಕುದಿಸಿದ್ದರಿ. ಕರದದ್ದ ತಿಂದ್ರ ಇಲಿಗೆ ಪಿತ್ತ ಆಗ್ತೈತ್ರಿ’ ಎಂದ ಗಂಗಪ್ಪ. ಅವರು ಅದನ್ನು ಅಂಚಿನಲ್ಲಿ ಬರೆದುಕೊಂಡರು. ‘ಎಲ್ಲ ಪಂಜರಕ್ಕೂ ಸಮನಾಗಿ ಕೊಟ್ರಾ?’ ‘ಹಬ್ಬದ ದಿನ ಹೆಚ್ಚು ಕಡಿಮಿ ಮಾಡ್ತಾರೇನ್ರಿ?’

ಆಮೇಲೆ ರಕ್ತದ ಸ್ಲೈಡುಗಳನ್ನು ತರಿಸಿದರು. ನಮ್ಮನ್ನೆಲ್ಲ ಕೂಡಿಸಿ, ತಾವೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದೊಂದಾಗಿ ಎಣಿಸಲು ಶುರುಮಾಡಿದರು. ಚಹಾ ಬಂತು, ತಣ್ಣಗಾಯಿತು. ರೇಣುಕಾ ತನ್ನ ಬೆರಳುಗಳನ್ನು ಒಂದರೊಳಗೊಂದು ಹೆಣೆದು ಕೂತಿದ್ದಳು. ಗಂಗಪ್ಪ ಬಾಗಿಲು ಬಿಟ್ಟು ಕದಲಲಿಲ್ಲ. ಕೊನೆಯ ಸ್ಲೈಡು ಕೆಳಗಿಟ್ಟು ಅವರು ಕನ್ನಡಕ ಒರೆಸಿಕೊಂಡರು. ‘ಸರಿಯಾಗಿದೆ. ಮಣ್ಣು ತಿಂದ ವಿಷಯ ಬೇರೆ ಪ್ರಯೋಗ, ಅದನ್ನು ಇಲ್ಲಿ ಎಳೆಯಬೇಡಿ, ಮುಂದೆ ಕ್ರಮವಾಗಿ ಮಾಡಿ’ ಎಂದರು. ಪ್ರಬಂಧ ಮುಚ್ಚಿಟ್ಟು, ‘ಡಾಕ್ಟರ್ ರೇಣುಕಾ, ಈಗ ಬಿಸಿ ಚಹಾ ಸಿಗುತ್ತಾ?’ ಎಂದರು. ತರಲು ಓಡಿದವನು ಗಂಗಪ್ಪ.

ಮುಂದೆ ರೇಣುಕಾ ಆ ಮಣ್ಣಿನ ಪ್ರಯೋಗವನ್ನು ಕ್ರಮವಾಗಿಯೇ ಮಾಡಿದಳು. ಈಗ ನಮ್ಮ ಇಲಿ ಕೋಣೆಯಲ್ಲಿ ಪ್ರತಿ ಪಂಜರಕ್ಕೂ ತೂಗಿದ ಮಣ್ಣಿನ ಗುಳಿಗೆ ಇಡುತ್ತಾರೆ, ಎಷ್ಟು ತಿಂದಿದೆ ಎಂಬುದೇ ಹೊಟ್ಟೆ ತೊಳಸಿದ್ದರ ಅಳತೆ. ಆ ಗುಳಿಗೆಗೆ ಇಲಿಯ ಆಕಾರವಿಲ್ಲ. ಮುನವಳ್ಳಿಯ ಆ ಅಕ್ಕನನ್ನು ಹುಡುಕಿಕೊಂಡು ರೇಣುಕಾ ಎರಡು ಸಲ ಹೋಗಿದ್ದಳು. ಹೆಸರು ಕೇಳಿಟ್ಟುಕೊಂಡಿರಲಿಲ್ಲ, ಸಿಗಲಿಲ್ಲ. ಅದು ನಮ್ಮಿಬ್ಬರಿಗೂ ಇವತ್ತಿಗೂ ಚುಚ್ಚುತ್ತದೆ.

ಅರಿಶಿನದ್ದು ಪೂಜೆಯಲ್ಲ, ಗುರುತು ಎಂದು ಗಂಗಪ್ಪನಿಗೆ ನಾನು ಎಷ್ಟೋ ಸಲ ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿ ‘ಹೌದ್ರಿ, ಹೌದ್ರಿ’ ಎನ್ನುತ್ತಿದ್ದ. ಕಿತ್ತೂರು ಭಟ್ಟರ ಮಗಳು ಹಬ್ಬದ ಗದ್ದಲದಲ್ಲಿ ಪೂಜೆ ಅರ್ಧಕ್ಕೆ ಬಿಟ್ಟಳು, ಈಗ ನಾಚಿಕೆಗೆ ಬೇರೆ ಹೇಳುತ್ತಾಳೆ ಎಂದು ಅವನ ಮನಸ್ಸಿನಲ್ಲಿ ಗಟ್ಟಿಯಾಗಿತ್ತು.

ನಾನು ನಿವೃತ್ತಳಾಗುವ ಮುಂಚಿನ ಕೊನೆಯ ಇಲಿವಾರ. ಆ ದಿನ ಪ್ರಯೋಗ ಇಡುವುದನ್ನು ನಾವು ಬಿಟ್ಟಿದ್ದೆವು. ಕೋಣೆಯಲ್ಲಿ ಹೊಸ ಇಲಿಗಳಿದ್ದವು, ಇನ್ನೂ ಗುಂಪು ಮಾಡಿರಲಿಲ್ಲ. ಗಂಗಪ್ಪ ಅರಿಶಿನದ ಬಟ್ಟಲನ್ನು ನನ್ನ ಕೈಗೆ ಕೊಟ್ಟು, ‘ಬಾಯಾರ, ಈ ಸಲ ನೀವ ಹಚ್ಚ್ರಿ. ಅರ್ಧಾ ಬಿಡಬ್ಯಾಡ್ರಿ’ ಎಂದ.

ಮೊದಲ ಪಂಜರದ ಮುಂದೆ ಕೂತೆ. ಒಂದು ಇಲಿಯ ಹಣೆಗೆ ಹಚ್ಚಿದೆ. ಪಕ್ಕದ್ದನ್ನು ಬಿಟ್ಟು ಅದರಾಚೆಯದಕ್ಕೆ ಕೈ ತಾನಾಗಿ ಹೋಯಿತು. ಒಂದಕ್ಕೆ ಹಚ್ಚು, ಒಂದನ್ನು ಬಿಡು; ಇಡೀ ಸೇವೆ ಮಾಡಿದ್ದು ಅದೇ. ಹಿಂದೆ ನಿಂತಿದ್ದ ಗಂಗಪ್ಪ ಸಣ್ಣಗೆ ಕೆಮ್ಮಿದ. ನಾನು ಕೈ ಹಿಂದಕ್ಕೆ ತಂದು ಬಿಟ್ಟ ಇಲಿಗೂ ಹಚ್ಚಿದೆ. ಆಮೇಲೆ ಒಂದನ್ನೂ ಬಿಡಲಿಲ್ಲ.